ರಾತ್ರಿ ಮುಟ್ಟದೆ ಇಟ್ಟ ಫೋನಿನ ಚಾರ್ಜ್ ಬೆಳಗಾಗುವಷ್ಟರಲ್ಲಿ ಕಾಲು ಭಾಗ ಇಳಿಯುತ್ತಿದೆ: ಕಾರಣ ಪತ್ತೆ ಹಚ್ಚುವುದು ಹೇಗೆ?

ಬೆಳೆ ಸಮೀಕ್ಷೆಯ ಖಾಸಗಿ ನಿವಾಸಿ, ದೇವದುರ್ಗ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಹಳ್ಳಿಯಲ್ಲಿ ಬೆಳೆ ಸಮೀಕ್ಷೆಯ ಖಾಸಗಿ ನಿವಾಸಿಯಾಗಿ, ಅಂದರೆ ಹೊಲಗಳ ಬೆಳೆ ದಾಖಲಿಸಲು ಗೊತ್ತುಮಾಡಿದ ಸ್ಥಳೀಯ ವ್ಯಕ್ತಿಯಾಗಿ ಕೆಲಸ ಮಾಡುತ್ತೇನೆ. ಸರ್ವೆ ನಂಬರಿನ ಗಡಿಯೊಳಗೆ ನಿಂತು, ಜಿಪಿಎಸ್ ಸ್ಥಳ ಹಿಡಿದ ಮೇಲೆ, ಹೊಲದಲ್ಲಿರುವುದು ಹತ್ತಿಯೋ ತೊಗರಿಯೋ ಭತ್ತವೋ ನೋಡಿ ಫೋಟೊ ತೆಗೆದು ದಾಖಲಿಸಬೇಕು. ಫೋನು ಮಧ್ಯಾಹ್ನಕ್ಕೇ ಆರಿಹೋದರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಹೊಲದಲ್ಲಿ ಬಳಸುವಾಗ ಚಾರ್ಜ್ ಬೇಗ ಇಳಿಯುವುದು ನನಗೆ ಅರ್ಥವಾಗುತ್ತದೆ. ಅರ್ಥವಾಗದಿರುವುದು ರಾತ್ರಿಯ ಸಂಗತಿ. ಫೋನನ್ನು ರಾತ್ರಿ 10ಕ್ಕೆ ಗೂಡಿನಲ್ಲಿಟ್ಟು ಮಲಗಿದರೆ, ಬೆಳಗಿನ 6ಕ್ಕೆ ಹೆಚ್ಚುಕಡಿಮೆ ಕಾಲು ಭಾಗ ಚಾರ್ಜ್ ಹೋಗಿರುತ್ತದೆ. ಆಂಡ್ರಾಯ್ಡ್ ಫೋನು, 5000 ಎಂಎಎಚ್ ಬ್ಯಾಟರಿ, ಕೊಂಡು ಎರಡು ವರ್ಷವಾಗಿದೆ, ಎರಡು ಸಿಮ್ ಹಾಕಿದ್ದೇನೆ. ಬ್ಯಾಟರಿ ಬದಲಿಸಬೇಕೆಂದು ಒಬ್ಬರು, ಪೂರ್ತಿ ರೀಸೆಟ್ ಮಾಡಬೇಕೆಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಹಣ ಹಾಕುವ ಮೊದಲು ಚಾರ್ಜನ್ನು ನಿಜವಾಗಿ ತಿನ್ನುತ್ತಿರುವುದು ಯಾವುದು ಎಂದು ತಿಳಿಯಬೇಕಾಗಿದೆ. ದಯವಿಟ್ಟು ದಾರಿ ತೋರಿಸಿ.

ಸಾಫ್ಟ್‌ವೇರ್ ಉದ್ಯೋಗಿ, ಕೊಪ್ಪಳ

ನಿಮ್ಮ ಪ್ರಶ್ನೆಯಲ್ಲೇ ಒಂದು ಒಳ್ಳೆಯ ಸುಳಿವಿದೆ. ಹಗಲಿನಲ್ಲಿ ಪರದೆ, ಕ್ಯಾಮೆರಾ, ಜಿಪಿಎಸ್, ಡೇಟಾ ಎಲ್ಲವೂ ಒಟ್ಟಿಗೆ ನಡೆಯುವುದರಿಂದ ಯಾವುದು ಎಷ್ಟು ತಿಂದಿತೆಂದು ಬಿಡಿಸಿ ಹೇಳುವುದು ಕಷ್ಟ. ರಾತ್ರಿ ಪರದೆ ಆರಿರುತ್ತದೆ, ಫೋನು ಒಂದೇ ಜಾಗದಲ್ಲಿರುತ್ತದೆ. ಆದ್ದರಿಂದ ರಾತ್ರಿಯನ್ನೇ ಪರೀಕ್ಷೆಗೆ ಇಟ್ಟುಕೊಳ್ಳಿ.

ಮೊದಲು ಲೆಕ್ಕ ಹಾಕೋಣ. 5000 ಎಂಎಎಚ್‌ನಲ್ಲಿ ಕಾಲು ಭಾಗಕ್ಕಿಂತ ತುಸು ಕಡಿಮೆ, ಶೇಕಡಾ 24 ಎಂದು ಹಿಡಿದರೆ 1200 ಎಂಎಎಚ್ (ಮಿಲಿ ಆಂಪಿಯರ್ ಗಂಟೆ). ಅದನ್ನು 8 ಗಂಟೆಗೆ ಹಂಚಿದರೆ ಸರಾಸರಿ 150 ಮಿಲಿ ಆಂಪಿಯರ್ ಆಗುತ್ತದೆ. ನಿದ್ರೆಯಲ್ಲಿರುವ ಸುಸ್ಥಿತಿಯ ಫೋನಿಗೆ ಇದರ ಸಣ್ಣದೊಂದು ಪಾಲು ಸಾಕು. ಅಂದರೆ ಒಳಗೆ ಯಾವುದೋ ಒಂದು ಭಾಗ ರಾತ್ರಿಯಿಡೀ ನಿದ್ರೆಗೆ ಹೋಗುತ್ತಲೇ ಇಲ್ಲ. ಅದು ಯಾವ ಭಾಗ ಎಂಬುದನ್ನು ಊಹೆಯಿಂದ ಹೇಳಲಾಗದು, ಒಂದೊಂದನ್ನೇ ಬಂದ್ ಮಾಡುತ್ತ ಬಂದರೆ ಮಾತ್ರ ತಿಳಿಯುತ್ತದೆ.

ಒಂದು ರಾತ್ರಿ ಇದ್ದಂತೆಯೇ ಬಿಡಿ. ಮತ್ತೊಂದು ರಾತ್ರಿ ಫ್ಲೈಟ್ ಮೋಡ್ ಹಾಕಿ. ಇನ್ನೊಂದು ರಾತ್ರಿ ಸಿಮ್‌ಗಳನ್ನು ಹಾಗೆಯೇ ಇರಿಸಿ ಮೊಬೈಲ್ ಡೇಟಾ ಮಾತ್ರ ಬಂದ್ ಮಾಡಿ. ಸಾಧ್ಯವಾದರೆ ಒಂದು ರಾತ್ರಿ ಫೋನನ್ನೇ ಸ್ವಿಚ್ ಆಫ್ ಮಾಡಿ ನೋಡಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಫೋನು ಅದೇ ಗೂಡಿನಲ್ಲಿರಬೇಕು, ಪ್ರತಿ ಸಲವೂ ಶೇಕಡಾ 90ರಿಂದಲೇ ಆರಂಭಿಸಬೇಕು. 100ರಿಂದ ಆರಂಭಿಸಬೇಡಿ, ಎಷ್ಟೋ ಫೋನುಗಳು ಚಾರ್ಜ್ ಸ್ವಲ್ಪ ಇಳಿದ ಮೇಲೂ ಕೆಲಹೊತ್ತು 100 ಎಂದೇ ತೋರಿಸುತ್ತವೆ.

ದಿನಸಿ ವ್ಯಾಪಾರಿ, ಸಿರುಗುಪ್ಪ

ಇಷ್ಟು ಶ್ರಮ ಏಕೆ ಎಂಬುದು ನನ್ನ ಪ್ರಶ್ನೆ. ಬ್ಯಾಟರಿ ಉಳಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ನಾನು ಅಂಥದ್ದೊಂದನ್ನು ಹಾಕಿಕೊಂಡು, ಮಲಗುವ ಮುನ್ನ ತೆರೆದಿರುವ ಆ್ಯಪ್‌ಗಳನ್ನೆಲ್ಲ ಸರಿಸಿ ಮುಚ್ಚುತ್ತೇನೆ. ಅಷ್ಟರಿಂದಲೇ ನನಗೆ ಅನುಕೂಲವಾಗಿದೆ.

ಸಾಫ್ಟ್‌ವೇರ್ ಉದ್ಯೋಗಿ, ಕೊಪ್ಪಳ

ಸರ್, ನಿಮಗೆ ಅನುಕೂಲವಾಗಿರುವುದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಆ ಸಲಹೆಯನ್ನು ಒಪ್ಪಲಾರೆ. ಆ್ಯಪನ್ನು ಸರಿಸಿ ಮುಚ್ಚಿದರೆ ಮುಂದಿನ ಸಲ ಅದು ಮೊದಲಿನಿಂದ ತೆರೆದುಕೊಳ್ಳಬೇಕು, ಅದಕ್ಕೆ ಹೆಚ್ಚು ಕೆಲಸವಾಗುತ್ತದೆ. ಕೆಲವು ಆ್ಯಪ್‌ಗಳು ಮುಚ್ಚಿದ ಸ್ವಲ್ಪ ಹೊತ್ತಿಗೆ ತಾವೇ ಮತ್ತೆ ಎದ್ದು ಕೂರುತ್ತವೆ. ಅವನ್ನು ಮುಚ್ಚುತ್ತಲೇ ಇರುವ ಇನ್ನೊಂದು ಆ್ಯಪ್ ಕೂಡ ಅದೇ ಬ್ಯಾಟರಿಯಿಂದಲೇ ನಡೆಯಬೇಕು. ಫೋನನ್ನು ಮುಟ್ಟದೆ ಇಟ್ಟಾಗ ಹಿನ್ನೆಲೆಯ ಕೆಲಸಗಳನ್ನು ತಡೆದು, ಆಗೊಮ್ಮೆ ಈಗೊಮ್ಮೆ ಮಾತ್ರ ಅವಕಾಶ ಕೊಡುವ ಡೋಜ್ ಎಂಬ ವ್ಯವಸ್ಥೆ 2015ರ ಆಂಡ್ರಾಯ್ಡ್ 6.0ರಿಂದಲೇ ಇದೆ. ಯಾವ ಆ್ಯಪನ್ನು ಎಷ್ಟು ಬಳಸುತ್ತೇವೆ ಎಂಬುದನ್ನು ನೋಡಿ ಅದಕ್ಕೆ ಮಿತಿ ಹಾಕುವ ಏರ್ಪಾಡು 2018ರ ಆಂಡ್ರಾಯ್ಡ್ 9ರಲ್ಲಿ ಬಂತು. ಎಲ್ಲಕ್ಕಿಂತ ಮುಖ್ಯವಾಗಿ, ಕಾರಣವೇ ತಿಳಿಯದೆ ಹೊಸದೊಂದು ಆ್ಯಪ್ ಹಾಕಿದರೆ ಪರೀಕ್ಷೆ ಇನ್ನಷ್ಟು ಗೋಜಲಾಗುತ್ತದೆ.

ಮೊಬೈಲ್ ರಿಪೇರಿ ಅಂಗಡಿ, ಗಂಗಾವತಿ

ಬ್ಯಾಟರಿ ಹಾಳಾಗಿರುವುದಕ್ಕೂ ಬ್ಯಾಟರಿಯನ್ನು ಯಾವುದೋ ತಿನ್ನುತ್ತಿರುವುದಕ್ಕೂ ಲಕ್ಷಣಗಳು ಬೇರೆ ಬೇರೆ. ಇವೆರಡನ್ನೂ ಒಂದೇ ಎಂದು ತಿಳಿದು ಬ್ಯಾಟರಿ ಬದಲಿಸಿಕೊಂಡು ಹೋಗಿ, ಕೆಲವೇ ದಿನಗಳಲ್ಲಿ ಮರಳಿ ಬರುವ ಗಿರಾಕಿಗಳನ್ನು ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಬ್ಯಾಟರಿ ಸವೆದಿದ್ದರೆ ಶೇಕಡಾವಾರು ಅಂಕಿ ಒಂದೇ ಹದದಲ್ಲಿ ಇಳಿಯುವುದಿಲ್ಲ, ಜಿಗಿಯುತ್ತದೆ. 30 ಇದ್ದದ್ದು ಕ್ಯಾಮೆರಾ ತೆರೆದ ಕೂಡಲೇ 10ಕ್ಕೆ ಬರುತ್ತದೆ, ಅಥವಾ 15ರಲ್ಲೇ ಫೋನು ಆರಿ, ಚಾರ್ಜರ್ ಹಾಕಿದ ತಕ್ಷಣ ಮತ್ತೆ 15 ಎಂದು ತೋರಿಸುತ್ತದೆ. ಸವೆದ ಬ್ಯಾಟರಿಯ ಒಳಗಿನ ರೋಧ ಹೆಚ್ಚಾಗಿರುವುದರಿಂದ, ಒಮ್ಮೆಲೇ ಹೆಚ್ಚು ಕರೆಂಟ್ ಕೇಳಿದಾಗ ಅದರ ವೋಲ್ಟೇಜ್ ಕುಸಿಯುವುದೇ ಇದಕ್ಕೆ ಕಾರಣ. ಹಿಂಬದಿಯ ಕವಚ ಎದ್ದಿದ್ದರೆ ಅಥವಾ ಪರದೆ ಅಂಚಿನಲ್ಲಿ ಬಿಟ್ಟುಕೊಂಡಿದ್ದರೆ ಬ್ಯಾಟರಿ ಉಬ್ಬಿದೆ ಎಂದರ್ಥ. ಅಂಥ ಫೋನನ್ನು ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ತಡಮಾಡದೆ ತೆಗೆಸಿ.

ನಿಮ್ಮದು ಒಂದೇ ಹದದಲ್ಲಿ ಇಳಿಯುತ್ತಿದೆ ಎಂದಾದರೆ ಸದ್ಯಕ್ಕೆ ಬ್ಯಾಟರಿಯ ಮೇಲೆ ಅನುಮಾನ ಬೇಡ. ಸ್ವಿಚ್ ಆಫ್ ಮಾಡಿಟ್ಟ ರಾತ್ರಿಯೂ ಚಾರ್ಜ್ ಇಳಿದರೆ ಮಾತ್ರ ಒಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿ ಕರೆಂಟ್ ಸೋರಿಕೆ ಇರಬಹುದು. ನೀರು ಹೋದ ಸೆಟ್ಟುಗಳಲ್ಲಿ ಇದು ಹೆಚ್ಚು. ಅದನ್ನು ನಾವು ಬ್ಯಾಟರಿ ಕಳಚಿ, ಡಿಸಿ ಪವರ್ ಸಪ್ಲೈಗೆ ಜೋಡಿಸಿ, ಫೋನು ಆರಿರುವಾಗ ಕರೆಂಟ್ ತೋರಿಸುವ ಮುಳ್ಳು ಎಷ್ಟು ಎದ್ದಿದೆ ಎಂದು ನೋಡಿ ಹೇಳುತ್ತೇವೆ. ಮನೆಯಲ್ಲಿ ಮಾಡುವ ಕೆಲಸ ಅದಲ್ಲ.

ಬೆಳೆ ಸಮೀಕ್ಷೆಯ ಖಾಸಗಿ ನಿವಾಸಿ, ದೇವದುರ್ಗ ತಾಲ್ಲೂಕು

ನೀವು ಹೇಳಿದ ಕ್ರಮದಲ್ಲೇ ನೋಡಿದೆ. ಎಲ್ಲ ರಾತ್ರಿಗಳೂ 10ರಿಂದ 6ರವರೆಗೆ, 90ರಿಂದ ಆರಂಭ.

ಇದ್ದಂತೆಯೇ ಬಿಟ್ಟಾಗ 66ಕ್ಕೆ ಇಳಿಯಿತು. ಡೇಟಾ ಮಾತ್ರ ಆರಿಸಿದಾಗ 68. ಫ್ಲೈಟ್ ಮೋಡ್‌ನಲ್ಲಿ 87. ಸ್ವಿಚ್ ಆಫ್ ಮಾಡಿದಾಗ 90ರಲ್ಲೇ ಇತ್ತು. ಅಂಕಿ ಎಲ್ಲಿಯೂ ಜಿಗಿಯಲಿಲ್ಲ, ಕವಚವೂ ಎದ್ದಿಲ್ಲ.

ಡೇಟಾ ಆರಿಸಿದ ಮೇಲೂ ಹೆಚ್ಚು ವ್ಯತ್ಯಾಸ ಕಾಣದಿರುವುದು ನನಗೆ ಆಶ್ಚರ್ಯ ತಂದಿದೆ. ವಾಟ್ಸ್‌ಆ್ಯಪ್ ಗುಂಪುಗಳೇ ಕಾರಣವೆಂದು ನಾನು ತಿಳಿದಿದ್ದೆ. ಇನ್ನೊಂದು ವಿಷಯ: ಸೆಟ್ಟಿಂಗ್ಸ್‌ನ ಬ್ಯಾಟರಿ ಪಟ್ಟಿಯಲ್ಲಿ ಯಾವ ಆ್ಯಪಿನ ಮುಂದೆಯೂ ದೊಡ್ಡ ಅಂಕಿ ಇಲ್ಲ. ಹಾಗಿದ್ದರೆ ಇಷ್ಟು ಚಾರ್ಜ್ ಯಾರ ಲೆಕ್ಕಕ್ಕೆ ಹೋಯಿತು?

ಭೌತಶಾಸ್ತ್ರ ಉಪನ್ಯಾಸಕಿ, ಬಳ್ಳಾರಿ

ನಿಮ್ಮ ಅಂಕಿಗಳು ಬಹಳ ಸ್ಪಷ್ಟವಾಗಿವೆ. ಫ್ಲೈಟ್ ಮೋಡ್‌ನಲ್ಲಿ ಶೇಕಡಾ 3 ಎಂದರೆ 8 ಗಂಟೆಗೆ 150 ಎಂಎಎಚ್, ಅಂದರೆ ಸರಾಸರಿ 19 ಮಿಲಿ ಆಂಪಿಯರ್ ಮಾತ್ರ. ಬ್ಯಾಟರಿ, ಪ್ರೊಸೆಸರ್, ಬೋರ್ಡ್ ಮೂರೂ ಸರಿಯಾಗಿವೆ ಎಂಬುದಕ್ಕೆ ಇಷ್ಟೇ ಸಾಕ್ಷಿ ಸಾಕು. ಡೇಟಾ ಆರಿಸಿಯೂ 22 ಹೋಗಿದೆ ಎಂದಮೇಲೆ ಆ್ಯಪ್‌ಗಳು ಇಂಟರ್ನೆಟ್ ಎಳೆಯುತ್ತಿರುವುದು ಮುಖ್ಯ ಕಾರಣವಲ್ಲ. ಉಳಿಯುವುದು ಸಿಮ್ ಮತ್ತು ಟವರ್ ನಡುವಿನ ಸಂಬಂಧ.

ಇಲ್ಲಿ ಎರಡು ಸ್ಥಿತಿಗಳನ್ನು ಬೇರೆ ಮಾಡಿ ನೋಡಬೇಕು. ಒಂದು, ಸಿಗ್ನಲ್ ದುರ್ಬಲವಾಗಿರುವುದು. ಇನ್ನೊಂದು, ಸಿಗ್ನಲ್ ಇಲ್ಲವೇ ಇಲ್ಲದಿರುವುದು.

ಟವರ್ ದೂರವಿದ್ದಾಗ ಫೋನು ತನ್ನ ಮಾತು ಅಲ್ಲಿಗೆ ಮುಟ್ಟಲೆಂದು ಹೆಚ್ಚು ಶಕ್ತಿಯಿಂದ ಪ್ರಸಾರ ಮಾಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಫೋನಿನ ಬಗೆಗಿನ ಮಾಹಿತಿಗೆ ಹೋಗಿ, ಸಿಮ್ ಸ್ಥಿತಿ ಎಂಬಲ್ಲಿ ನೋಡಿದರೆ ಸಿಗ್ನಲ್ಲಿನ ಬಲ ಡಿಬಿಎಂ ಎಂಬ ಮಾನದಲ್ಲಿ, ಋಣ ಚಿಹ್ನೆಯ ಜೊತೆ ಇರುತ್ತದೆ. ಈ ಮಾನದಲ್ಲಿ 10ರ ವ್ಯತ್ಯಾಸವೆಂದರೆ ಹತ್ತು ಪಟ್ಟು. ಆದ್ದರಿಂದ 4ಜಿಯಲ್ಲಿ ಋಣ 85 ತೋರಿಸುವ ಬಳ್ಳಾರಿಯ ನಮ್ಮ ಮನೆಗೂ ಋಣ 115 ತೋರಿಸುವ ಹಳ್ಳಿಗೂ ಸಾವಿರ ಪಟ್ಟಿನ ಅಂತರವಿರುತ್ತದೆ, ಹಳ್ಳಿಯ ಸಿಗ್ನಲ್ಲೇ ದುರ್ಬಲ. ಸಾಮಾನ್ಯ 4ಜಿ ಫೋನಿನ ಗರಿಷ್ಠ ಪ್ರಸಾರ ಶಕ್ತಿ 23 ಡಿಬಿಎಂ, ಅಂದರೆ ವ್ಯಾಟಿನ ಐದನೆಯ ಒಂದು ಭಾಗ. ಆ ಮಿತಿಯನ್ನು ಮುಟ್ಟಿದ ಮೇಲೆ ಫೋನು ವೇಗ ತಗ್ಗಿಸಿ, ಕಳಿಸಿದ್ದನ್ನೇ ಮತ್ತೆ ಕಳಿಸುತ್ತ, ಹೆಚ್ಚು ಹೊತ್ತು ಪ್ರಸಾರದಲ್ಲಿರಬೇಕಾಗುತ್ತದೆ. ಅದೇ ಫೋಟೊ ಪಟ್ಟಣದಲ್ಲಿ ಕ್ಷಣದಲ್ಲಿ ಹೋಗಿ ಹಳ್ಳಿಯಲ್ಲಿ ಫೋನನ್ನು ಬಿಸಿ ಮಾಡುವುದು ಇದರಿಂದಲೇ. ಆದರೆ ಇದೆಲ್ಲ ಮಾತನಾಡುವಾಗ ಅಥವಾ ಡೇಟಾ ಕಳಿಸುವಾಗ ನಡೆಯುವುದು. ಸುಮ್ಮನಿರುವ ಫೋನು ಪ್ರಸಾರ ಮಾಡುವುದು ತೀರ ಅಪರೂಪ. ಟವರಿನಿಂದ ಕರೆ ಬಂದಿದೆಯೇ ಎಂದು ಆಗಾಗ ಕಿವಿಗೊಟ್ಟು ಮತ್ತೆ ನಿದ್ರಿಸುತ್ತದೆ.

ಸಿಗ್ನಲ್ ಇಲ್ಲವೇ ಇಲ್ಲದಿದ್ದರೆ ಸುಮ್ಮನಿರುವ ಫೋನೂ ನಿದ್ರಿಸುವಂತಿಲ್ಲ. ಜಾತ್ರೆಯಲ್ಲಿ ಕೈತಪ್ಪಿ ಹೋದ ಮಗುವನ್ನು ಹುಡುಕುವ ತಾಯಿಯಂತೆ, ಅದು ತನಗೆ ಗೊತ್ತಿರುವ ತರಂಗಾಂತರಗಳನ್ನೆಲ್ಲ ಒಂದರ ನಂತರ ಒಂದು ಜಾಲಾಡಿ, ಸಿಗದೆ ಸ್ವಲ್ಪ ಹೊತ್ತು ನಿಂತು, ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಈ ಹುಡುಕಾಟ ನಡೆಸುವುದು ಟವರಿನ ಜೊತೆ ಸಂಪರ್ಕ ನೋಡಿಕೊಳ್ಳುವ ಮೋಡೆಮ್ ಎಂಬ ಭಾಗ, ಅದು ಯಾವುದೇ ಆ್ಯಪಿನ ಕೆಲಸವಲ್ಲ. ಹಾಗಾಗಿ ಆ್ಯಪ್‌ಗಳ ಪಟ್ಟಿಯಲ್ಲಿ ಅದರ ಹೆಸರು ಬರುವುದಿಲ್ಲ. ಆಂಡ್ರಾಯ್ಡ್‌ನ ಈಚಿನ ಆವೃತ್ತಿಗಳಲ್ಲಿ ಬ್ಯಾಟರಿ ಬಳಕೆಯ ಪಟ್ಟಿಯ ಮೇಲ್ಭಾಗದಲ್ಲಿ ಆ್ಯಪ್ ಪ್ರಕಾರ, ಸಿಸ್ಟಂ ಪ್ರಕಾರ ಎಂಬ ಆಯ್ಕೆ ಇರುತ್ತದೆ. ಸಿಸ್ಟಂ ಎಂಬುದನ್ನು ಒತ್ತಿ, ಮೊಬೈಲ್ ನೆಟ್‌ವರ್ಕ್ ಎಂಬುದರ ಮುಂದೆ ಎಷ್ಟಿದೆ ನೋಡಿ.

ನಿಮ್ಮ ಎರಡೂ ಸಿಮ್‌ಗಳಿಗೆ ಮನೆಯೊಳಗೆ ಸಿಗ್ನಲ್ ಇದೆಯೇ?

ಬೆಳೆ ಸಮೀಕ್ಷೆಯ ಖಾಸಗಿ ನಿವಾಸಿ, ದೇವದುರ್ಗ ತಾಲ್ಲೂಕು

ಮೇಡಂ, ಮೊಬೈಲ್ ನೆಟ್‌ವರ್ಕ್ ಎಂಬುದೇ ಆ ಪಟ್ಟಿಯ ತುದಿಯಲ್ಲಿದೆ. ಮೊದಲ ಸಿಮ್ಮಿಗೆ ಗೂಡಿನಲ್ಲಿ ಒಂದು ಅಥವಾ ಎರಡು ಕಡ್ಡಿ ಬರುತ್ತದೆ. ಎರಡನೆಯ ಸಿಮ್ ಬೇರೆ ಕಂಪನಿಯದು, ಅದರ ಸಿಗ್ನಲ್ ನಮ್ಮ ಊರಲ್ಲಿ ಸಿಗುವುದೇ ಇಲ್ಲ. ದೇವದುರ್ಗ ಸಮೀಪಿಸಿದ ಮೇಲೆ ಸಿಗುತ್ತದೆ. ಬ್ಯಾಂಕ್ ಖಾತೆಗೆ ಅದೇ ನಂಬರ್ ಕೊಟ್ಟಿರುವುದರಿಂದ ಇರಿಸಿಕೊಂಡಿದ್ದೇನೆ. ಇಂದು ರಾತ್ರಿ ಸೆಟ್ಟಿಂಗ್ಸ್‌ನಲ್ಲಿ ಅದೊಂದನ್ನೇ ಬಂದ್ ಮಾಡಿ ನೋಡುತ್ತೇನೆ.

ಪ್ರೌಢಶಾಲಾ ಶಿಕ್ಷಕರು, ಕುಷ್ಟಗಿ ತಾಲ್ಲೂಕು

ಇದಕ್ಕೆ ಸೇರಿಸಬೇಕಾದ ಒಂದು ಮಾತಿದೆ. ನಮ್ಮ ಕಡೆ ರಾತ್ರಿ ಬಹಳ ಹೊತ್ತು ಕರೆಂಟ್ ಹೋದರೆ ಟವರಿನ ಬ್ಯಾಟರಿಯೂ ಖಾಲಿಯಾಗಿ ಟವರೇ ನಿಂತುಬಿಡುತ್ತದೆ. ಆಗ ಊರಿನ ಎಲ್ಲ ಫೋನುಗಳೂ ಬೆಳಗಿನವರೆಗೆ ಟವರ್ ಹುಡುಕುತ್ತ ಚಾರ್ಜ್ ಕಳೆದುಕೊಳ್ಳುತ್ತವೆ. ಪರೀಕ್ಷೆಯ ರಾತ್ರಿ ಕರೆಂಟ್ ಹೋಗಿದ್ದರೆ ಆ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕರೆಂಟ್ ಇಲ್ಲದ ರಾತ್ರಿ ಚಾರ್ಜ್ ಮಾಡಿಕೊಳ್ಳುವ ದಾರಿಯೂ ಇರುವುದಿಲ್ಲವಾದ್ದರಿಂದ, ಸಿಗ್ನಲ್ ಹೋದದ್ದು ಕಂಡರೆ ಫ್ಲೈಟ್ ಮೋಡ್ ಹಾಕಿ ಮಲಗುವುದನ್ನು ನಾನು ಮನೆಯವರಿಗೆಲ್ಲ ಕಲಿಸಿದ್ದೇನೆ. ಅಲಾರಾಂ ಫ್ಲೈಟ್ ಮೋಡ್‌ನಲ್ಲೂ ಹೊಡೆಯುತ್ತದೆ. ಮನೆಯಲ್ಲಿ ವಯಸ್ಸಾದವರೋ ಬಸುರಿಯರೋ ಇದ್ದರೆ ಮಾತ್ರ ಒಂದು ಫೋನನ್ನಾದರೂ ಟವರ್ ಹಿಡಿಯಲು ಬಿಡಿ.

ಗಣಿ ಪ್ರದೇಶದ ನಿವಾಸಿ, ಸಂಡೂರು

ಸಂಡೂರಿನ ಗುಡ್ಡಗಳ ನಡುವೆಯೂ ಇದೇ ಕಥೆ. ಒಂದು ತಿರುವಿನಲ್ಲಿ ಪೂರ್ತಿ ಸಿಗ್ನಲ್, ಮುಂದಿನ ತಿರುವಿನಲ್ಲಿ ಏನೂ ಇಲ್ಲ. ಮನೆಯಲ್ಲಿ ವೈಫೈ ಇರುವವರು ವೈಫೈ ಕಾಲಿಂಗ್ ಎಂಬುದನ್ನು ಚಾಲೂ ಮಾಡಿಕೊಂಡರೆ ಕರೆಗಳು ವೈಫೈ ಮೂಲಕವೇ ಹೋಗುತ್ತವೆ, ದುರ್ಬಲ ಸಿಗ್ನಲ್ಲಿನಲ್ಲಿ ಫೋನು ಹೆಣಗುವುದು ತಪ್ಪುತ್ತದೆ. 5ಜಿ ಇಲ್ಲದ ಊರಿನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು 4ಜಿಗೆ ಇಳಿಸಿಕೊಳ್ಳುವುದೂ ಒಳ್ಳೆಯದು.

ಎಂಜಿನಿಯರಿಂಗ್ ವಿದ್ಯಾರ್ಥಿನಿ, ರಾಯಚೂರು

ಸಮಸ್ಯೆ ಸಿಮ್ಮಿನದೇ ಎಂದು ತೋರುತ್ತಿದ್ದರೂ, ಇದೇ ಪರೀಕ್ಷೆ ಮಾಡಿ ಫ್ಲೈಟ್ ಮೋಡ್‌ನಲ್ಲೂ ಚಾರ್ಜ್ ಇಳಿಯುವುದನ್ನು ಕಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆಂಡ್ರಾಯ್ಡ್‌ನಲ್ಲಿ ಪರದೆ ಆರಿದರೂ ಪ್ರೊಸೆಸರ್ ಎಚ್ಚರವಾಗಿರಬೇಕೆಂದು ಆ್ಯಪೊಂದು ಕೇಳಿಕೊಳ್ಳಬಹುದು. ಅದಕ್ಕೆ ವೇಕ್‌ಲಾಕ್ ಎನ್ನುತ್ತಾರೆ. ಹಾಡು ಕೇಳುವಾಗ ಇದು ಬೇಕೇ ಬೇಕು. ಆದರೆ ಕೆಲಸ ಮುಗಿದ ಮೇಲೂ ಆ್ಯಪ್ ಅದನ್ನು ಬಿಟ್ಟುಕೊಡದಿದ್ದರೆ ಫೋನು ರಾತ್ರಿಯಿಡೀ ಎಚ್ಚರವಿರುತ್ತದೆ. ಇದನ್ನು ಹಿಡಿಯಲು ಕಂಪ್ಯೂಟರ್ ಬೇಕು. ಫೋನಿನಲ್ಲಿ ಡೆವಲಪರ್ ಆಯ್ಕೆಗಳನ್ನು ತೆರೆದು ಯುಎಸ್‌ಬಿ ಡೀಬಗ್ಗಿಂಗ್ ಚಾಲೂ ಮಾಡಿ, ಕಂಪ್ಯೂಟರಿನಲ್ಲಿ ನಡೆಯುವ ಎಡಿಬಿ ಎಂಬ ತಂತ್ರಾಂಶದ ಮೂಲಕ, ಬ್ಯಾಟರಿ ಬಳಕೆಯ ಲೆಕ್ಕವಾದ ಬ್ಯಾಟರಿಸ್ಟ್ಯಾಟ್ಸ್ ದಾಖಲೆಯನ್ನು ಸೊನ್ನೆಗೆ ತಂದು, ಕೇಬಲ್ ಕಳಚಿ ರಾತ್ರಿ ಬಿಟ್ಟು, ಬೆಳಿಗ್ಗೆ ಆ ದಾಖಲೆಯನ್ನು ತೆಗೆದರೆ ಯಾವ ಆ್ಯಪ್ ಎಷ್ಟು ಹೊತ್ತು ವೇಕ್‌ಲಾಕ್ ಹಿಡಿದಿತ್ತು ಎಂಬುದು ಹೆಸರು ಸಮೇತ ಸಿಗುತ್ತದೆ. ಕೇಬಲ್ ಜೋಡಿಸಿಯೇ ಬಿಟ್ಟರೆ ಫೋನು ಚಾರ್ಜ್ ಆಗುತ್ತಿರುವುದರಿಂದ ಪರೀಕ್ಷೆಗೆ ಅರ್ಥವಿರುವುದಿಲ್ಲ. ಈ ದಾಖಲೆಯನ್ನು ಚಿತ್ರರೂಪದಲ್ಲಿ ತೋರಿಸುವ ಬ್ಯಾಟರಿ ಹಿಸ್ಟೋರಿಯನ್ ಎಂಬ ಸಾಧನವನ್ನು ಗೂಗಲ್, ಆಂಡ್ರಾಯ್ಡ್ 5.0ರ ಕಾಲದಲ್ಲೇ ಹೊರತಂದಿತ್ತು. ಕೆಲಸ ಮುಗಿದ ಮೇಲೆ ಯುಎಸ್‌ಬಿ ಡೀಬಗ್ಗಿಂಗ್ ಅನ್ನು ಮರೆಯದೆ ಆರಿಸಬೇಕು.

ಕಂಪ್ಯೂಟರ್ ಇಲ್ಲದವರು ಸೇಫ್ ಮೋಡ್‌ನಲ್ಲಿ ಒಂದು ರಾತ್ರಿ ಬಿಟ್ಟು ನೋಡಬಹುದು. ಆಗ ನಾವು ಹಾಕಿಕೊಂಡ ಆ್ಯಪ್‌ಗಳು ಯಾವುವೂ ನಡೆಯುವುದಿಲ್ಲ. ಆ ರಾತ್ರಿ ಚಾರ್ಜ್ ಉಳಿದರೆ ತಪ್ಪು ಅವುಗಳಲ್ಲೊಂದರದು.

ವಾಟ್ಸ್‌ಆ್ಯಪ್ ಬಗ್ಗೆ ಹೇಳುವುದಾದರೆ, ಅದು ನಸುಕಿನ 2 ಗಂಟೆಗೆ ಬ್ಯಾಕಪ್ ತೆಗೆಯುತ್ತದೆ. ವಿಡಿಯೊಗಳೂ ಸೇರಿ ಮೊಬೈಲ್ ಡೇಟಾದ ಮೇಲೆ ಗೂಗಲ್ ಖಾತೆಗೆ ಹೋಗುವಂತೆ ಹೊಂದಿಸಿದ್ದರೆ, ದುರ್ಬಲ ಸಿಗ್ನಲ್ಲಿನ ಊರಿನಲ್ಲಿ ಅದು ಬಹಳ ಹೊತ್ತು ಎಳೆಯಬಹುದು. ವೈಫೈ ಮಾತ್ರ ಎಂದು ಬದಲಿಸಿ.

ಮೊಬೈಲ್ ರಿಪೇರಿ ಅಂಗಡಿ, ಗಂಗಾವತಿ

ಬಿಸಿಲಿನ ಬಗ್ಗೆ ಇನ್ನೂ ಯಾರೂ ಬರೆದಿಲ್ಲ, ನಮ್ಮ ಮೂರೂ ಜಿಲ್ಲೆಗಳಿಗೆ ಅದು ದೊಡ್ಡ ವಿಷಯ. ಲಿಥಿಯಂ ಅಯಾನ್ ಬ್ಯಾಟರಿಗೆ ಶಾಖವೇ ಶತ್ರು. ಆ್ಯಪಲ್ ಕಂಪನಿ ತನ್ನ ಫೋನುಗಳನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಿ ಎನ್ನುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ. ಬೈಕಿನ ಹ್ಯಾಂಡಲ್ಲಿಗೆ ಕಟ್ಟಿದ ಫೋನು, ಟ್ರ್ಯಾಕ್ಟರಿನ ಮುಂದೆ ಬಿಸಿಲಿಗೆ ಇಟ್ಟ ಫೋನು ಇನ್ನೂ ಹೆಚ್ಚು ಕಾಯುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಬಿಸಿಯಲ್ಲಿದ್ದಷ್ಟು ಹೊತ್ತೂ ತನ್ನ ಸಾಮರ್ಥ್ಯವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಿರುತ್ತದೆ. ಫೋನನ್ನು ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡುವುದೂ ಇದೇ ಕಾರಣಕ್ಕೆ ಬೇಡ. ನಿಮ್ಮ ಫೋನಿನಲ್ಲಿ ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ, ಮನೆಯಲ್ಲೇ ಇರುವ ದಿನಗಳಲ್ಲಿ ಬಳಸಿಕೊಳ್ಳಿ.

ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರಾಟಕ್ಕೆ ಬರುವ ಹೊಸ ಫೋನುಗಳ ಬ್ಯಾಟರಿ 800 ಸುತ್ತು ಚಾರ್ಜ್ ಆದ ಮೇಲೂ ಕನಿಷ್ಠ ಶೇಕಡಾ 80 ಸಾಮರ್ಥ್ಯ ಉಳಿಸಿಕೊಂಡಿರಬೇಕೆಂಬ ನಿಯಮವಿದೆ. ದಿನಕ್ಕೊಂದು ಸುತ್ತು ಎಂದರೆ ಅದು ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚಾಯಿತು. ಈಚಿನ ಕೆಲವು ಫೋನುಗಳಲ್ಲಿ ಇದುವರೆಗೆ ಎಷ್ಟು ಸುತ್ತು ಆಗಿದೆ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲೇ ನೋಡಬಹುದು.

ಬೆಳೆ ಸಮೀಕ್ಷೆಯ ಖಾಸಗಿ ನಿವಾಸಿ, ದೇವದುರ್ಗ ತಾಲ್ಲೂಕು

ಎರಡನೆಯ ಸಿಮ್ ಬಂದ್ ಮಾಡಿದ ರಾತ್ರಿ 90 ಇದ್ದದ್ದು ಬೆಳಿಗ್ಗೆ 83 ಆಗಿತ್ತು. ಕರೆಂಟ್ ಹೋಗಿರಲಿಲ್ಲ, ಡೇಟಾ ಚಾಲೂ ಇತ್ತು. ಖಚಿತಪಡಿಸಿಕೊಳ್ಳಲು ಮರುದಿನ ಆ ಸಿಮ್ಮನ್ನು ಮತ್ತೆ ಚಾಲೂ ಮಾಡಿ ನೋಡಿದೆ, ಹಳೆಯಂತೆಯೇ 67ಕ್ಕೆ ಇಳಿಯಿತು. ಇನ್ನು ಅನುಮಾನಕ್ಕೆ ಎಡೆಯಿಲ್ಲ. ಬ್ಯಾಟರಿ ಬದಲಿಸುವ ಖರ್ಚು ಉಳಿಯಿತು, ನಿಮ್ಮೆಲ್ಲರಿಗೂ ಮನಸಾರೆ ಕೃತಜ್ಞತೆಗಳು.

ಹಗಲಿನದು ಇನ್ನೂ ಉಳಿದಿದೆ. ಚಾರ್ಜ್ ಉಳಿಸಲೆಂದು ನಾವೆಲ್ಲ ಪ್ರತಿ ಸರ್ವೆ ನಂಬರ್ ಮುಗಿದ ಕೂಡಲೇ ಲೊಕೇಶನ್ ಆರಿಸಿ, ಮುಂದಿನ ಹೊಲದಲ್ಲಿ ಮತ್ತೆ ಚಾಲೂ ಮಾಡುತ್ತೇವೆ. ಇದು ಸರಿಯೇ? ಬ್ಯಾಂಕಿನ ಒಟಿಪಿ ಬರುವ ಆ ಎರಡನೆಯ ಸಿಮ್ಮಿಗೆ ಏನು ಮಾಡಬೇಕೆಂಬುದನ್ನೂ ತಿಳಿಸಿ.

ಭೌತಶಾಸ್ತ್ರ ಉಪನ್ಯಾಸಕಿ, ಬಳ್ಳಾರಿ

ಲೊಕೇಶನ್ ಆರಿಸಿ ಹಚ್ಚುವುದರಿಂದ ನಿಮಗೆ ನಷ್ಟವೇ ಹೆಚ್ಚು. ಫೋನು ಜಿಪಿಎಸ್ ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ, ಸುಮಾರು 20,000 ಕಿಲೋಮೀಟರ್ ಎತ್ತರದಿಂದ ಬರುವ ಅತಿ ಕ್ಷೀಣ ಸಂಕೇತವನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ತನ್ನ ಜಾಗವನ್ನು ಲೆಕ್ಕ ಹಾಕಲು ಪ್ರತಿಯೊಂದು ಉಪಗ್ರಹದ ಪಥದ ವಿವರ ಅದಕ್ಕೆ ಬೇಕು. ಇಂಟರ್ನೆಟ್ ಇದ್ದರೆ ಆ ವಿವರ ಕ್ಷಣದಲ್ಲಿ ಬರುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ, ಸೆಕೆಂಡಿಗೆ 50 ಬಿಟ್‌ಗಳ ನಿಧಾನಗತಿಯಲ್ಲಿ ಇಳಿಸಿಕೊಳ್ಳಬೇಕು; ಆ ವಿವರ ಒಂದು ಸಲ ಪೂರ್ತಿ ಬರಲು 30 ಸೆಕೆಂಡು ಹಿಡಿಯುತ್ತದೆ, ನಡುವೆ ಮರ ಅಡ್ಡ ಬಂದರೆ ಮತ್ತೆ ಕಾಯಬೇಕು. ಒಮ್ಮೆ ಪಡೆದ ವಿವರ ಕೆಲವು ಗಂಟೆ ನಡೆಯುತ್ತದೆ. ಆದ್ದರಿಂದ ಬೆಳಿಗ್ಗೆ ಸಿಗ್ನಲ್ ಇರುವ ಜಾಗದಲ್ಲಿ, ಬಯಲಿನಲ್ಲಿ ನಿಂತು, ಒಮ್ಮೆ ಸ್ಥಳ ಹಿಡಿಸಿಕೊಂಡು ಹೊರಡಿ. ಸಮೀಕ್ಷೆ ಮುಗಿಯುವವರೆಗೆ ಲೊಕೇಶನ್ ಹಾಗೆಯೇ ಇರಲಿ. ಬದಲಿಗೆ ಹೊಲದಿಂದ ಹೊಲಕ್ಕೆ ನಡೆಯುವಾಗ ಪರದೆಯನ್ನು ಆರಿಸಿ.

ನಿಮ್ಮ ಹಗಲಿನ ಬಳಕೆಯಲ್ಲಿ ಜಿಪಿಎಸ್‌ಗಿಂತ ಪರದೆಯದೇ ದೊಡ್ಡ ಪಾಲು ಎಂದು ನನ್ನ ಅಂದಾಜು. ಬಿಸಿಲಿನಲ್ಲಿ ಕಾಣಲೆಂದು ಅದು ಪೂರ್ತಿ ಹೊಳಪಿಗೆ ಏರುತ್ತದೆ. ನೆರಳು ಮಾಡಿಕೊಂಡು ನೋಡಿದರೆ ಹೊಳಪೂ ತಗ್ಗುತ್ತದೆ, ಫೋನೂ ಕಾಯುವುದಿಲ್ಲ. ಕಪ್ಪು ಥೀಮಿನಿಂದ ಉಳಿತಾಯವಾಗುವುದು ಅಮೊಲೆಡ್ ಪರದೆಯಲ್ಲಿ, ಏಕೆಂದರೆ ಅಲ್ಲಿ ಕಪ್ಪು ಬಿಂದುಗಳು ಆರಿಯೇ ಇರುತ್ತವೆ. ಎಲ್‌ಸಿಡಿ ಪರದೆಯ ಹಿಂದಿನ ದೀಪ ಹೇಗಿದ್ದರೂ ಉರಿಯುತ್ತಲೇ ಇರುವುದರಿಂದ ಅಲ್ಲಿ ಅದರಿಂದ ಪ್ರಯೋಜನವಿಲ್ಲ.

ಪ್ರೌಢಶಾಲಾ ಶಿಕ್ಷಕರು, ಕುಷ್ಟಗಿ ತಾಲ್ಲೂಕು

ಸಿಮ್ಮಿನ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ಆ ನಂಬರನ್ನೇ ಉಳಿಸಿಕೊಂಡು ನಿಮ್ಮ ಊರಿನಲ್ಲಿ ಸಿಗ್ನಲ್ ಇರುವ ಕಂಪನಿಗೆ ಪೋರ್ಟ್ ಮಾಡಿಸಿ. ಈ ಸೌಲಭ್ಯ ದೇಶದಾದ್ಯಂತ 2011ರ ಜನವರಿಯಿಂದ ಇದೆ. ಆ ಸಿಮ್ಮಿನಿಂದ ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ಹತ್ತು ಅಂಕಿಯ ನಂಬರ್ ಹಾಕಿ 1900ಕ್ಕೆ ಸಂದೇಶ ಕಳಿಸಿದರೆ ಒಂದು ಕೋಡ್ ಬರುತ್ತದೆ. ಸಂದೇಶ ಹೋಗಲು ಸಿಗ್ನಲ್ ಬೇಕಾದ್ದರಿಂದ ಇದನ್ನು ದೇವದುರ್ಗದಲ್ಲೇ ಮಾಡಬೇಕು. ಕೋಡ್ ನಾಲ್ಕು ದಿನ ಮಾತ್ರ ನಡೆಯುತ್ತದೆ, ಅಷ್ಟರೊಳಗೆ ಆಧಾರ್ ಹಿಡಿದುಕೊಂಡು ಹೊಸ ಕಂಪನಿಯ ಅಂಗಡಿಗೆ ಹೋಗಿ. ಈಗಿನ ಕಂಪನಿಯಲ್ಲಿ ಕನಿಷ್ಠ 90 ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಆದರೆ ಬಿಲ್ ಬಾಕಿ ಇರಬಾರದು. ಹೊಸ ಸಿಮ್ ಹಾಕಿದ ಮೇಲೆ ಯುಪಿಐ ಆ್ಯಪ್‌ಗಳು ನಂಬರನ್ನು ಮತ್ತೊಮ್ಮೆ ದೃಢಪಡಿಸಿ ಎಂದು ಕೇಳಬಹುದು, ಗಾಬರಿಯಾಗಬೇಡಿ. ಬದಲಾವಣೆ ಆಗುವ ಹೊತ್ತಿನಲ್ಲಿ ಒಟಿಪಿ ಕೇಳಿ ಕರೆ ಮಾಡುವವರು ಯಾರೇ ಆಗಿರಲಿ, ಹೇಳಬೇಡಿ.

ಬೆಳೆ ಸಮೀಕ್ಷೆಯ ಖಾಸಗಿ ನಿವಾಸಿ, ದೇವದುರ್ಗ ತಾಲ್ಲೂಕು

ಗುರುಗಳೇ, ಸೋಮವಾರ ತಾಲ್ಲೂಕು ಕಚೇರಿಗೆ ಹೋಗುವುದಿದೆ, ಅಲ್ಲಿಂದಲೇ ಸಂದೇಶ ಕಳಿಸಿ ಪೋರ್ಟ್ ಮಾಡಿಸುತ್ತೇನೆ. ಅಲ್ಲಿಯವರೆಗೆ ಆ ಸಿಮ್ಮನ್ನು ಆರಿಸಿಯೇ ಇಡುತ್ತೇನೆ. ಲೊಕೇಶನ್ನಿನ ವಿಷಯವನ್ನು ನಮ್ಮ ಹೋಬಳಿಯ ಉಳಿದ ಖಾಸಗಿ ನಿವಾಸಿಗಳಿಗೂ ಈಗಲೇ ತಿಳಿಸುತ್ತಿದ್ದೇನೆ, ಅವರಲ್ಲಿ ಬಹಳ ಮಂದಿ ನನ್ನಂತೆಯೇ ಎರಡು ಸಿಮ್ ಇಟ್ಟುಕೊಂಡವರು.